ಹುಬ್ಬಿನ ಉತ್ತರ

"ತೂಕ ಎಷ್ಟು?"

ಪುಟ್ಟ ವಿಮಾನ ಹತ್ತುವ ಎಲ್ಲರಿಗೂ ಇದೇ ಪ್ರಶ್ನೆ. ಆದರೆ ಇಷ್ಟು ನಾಚಿಕೊಂಡು ಕೇಳಿದ ಪೈಲಟ್‌ನನ್ನು ನಾಸ್ತಾ ಕಂಡಿರಲಿಲ್ಲ.

"ನೂರ ಇಪ್ಪತ್ತು ಪೌಂಡ್."

"ಕೋಟು, ಬೂಟು ಸೇರಿಸಿ?"

"...ನೂರ ನಲವತ್ತು."

ಪೈಲಟ್ ಐವರ್ ನಕ್ಕ. "ನನ್ನ ಹತ್ರ ಸುಳ್ಳು ಹೇಳಿ, ಪರವಾಗಿಲ್ಲ. ವಿಮಾನದ ಹತ್ರ ಬೇಡ."

ಆ ನಗುವಿಗೇ ಅವಳು ಸೋತಳು.

ಅಲಾಸ್ಕದ ನಮ್ಮ ಹಳ್ಳಿಗೆ ರಸ್ತೆಯಿಲ್ಲ, ಬಂದವರೆಲ್ಲ ಹಾರಿಯೇ ಬರಬೇಕು. ಐವರ್ ವಾರಕ್ಕೆ ಮೂರು ಸಲ ಬರುತ್ತಿದ್ದ. ಒಣಮೀನು, ಚಹಾ, ಮುಗಿಯದ ಮಾತು... ಹೀಗೇ ಒಂದು ವರ್ಷ ಕಳೆಯಿತು. ನವೆಂಬರಿನಲ್ಲಿ ರನ್‌ವೇ ಪಕ್ಕದಲ್ಲೇ ಕೇಳಿಬಿಟ್ಟ.

"ನನ್ನನ್ನ ಮದುವೆ ಆಗ್ತೀಯಾ?"

ನಾಸ್ತಾ ಹುಬ್ಬೇರಿಸಿದಳು.

ನಮ್ಮ ಯೂಪಿಕ್ ಜನರಲ್ಲಿ ಹುಬ್ಬೇರಿಸಿದರೆ ಹೌದು, ಮೂಗು ಸುಕ್ಕಿಸಿದರೆ ಇಲ್ಲ. ತೊಟ್ಟಿಲ ಕೂಸಿಗೂ ಗೊತ್ತು. ಆದರೆ ಐವರ್ ದೂರದ ಮಿನೆಸೋಟದವನು. 'ಇದೇನು ಕೇಳ್ತಿದ್ದೀಯಾ?' ಎಂದಂತೆ ಕಂಡಿತು ಅವನಿಗೆ. ಏನೋ ಗೊಣಗಿ ವಿಮಾನ ಹತ್ತಿದ.

ಆಮೇಲೆ ಬಂದದ್ದೆಲ್ಲ ಬೇರೆ ಪೈಲಟ್.

'ನಾನು ಹೌದು ಅಂದಮೇಲೆ ಅವನಿಗೆ ಬೇಡವಾದ್ನಾ...?' ನಾಸ್ತಾ ಒಳಗೊಳಗೇ ಬೆಂದಳು.

ಜನವರಿಯಲ್ಲಿ ಆ ಪೈಲಟ್‌ಗೆ ಜ್ವರ ಬಂತು. ನಾಸ್ತಾಳ ಅಜ್ಜಿ ಮಾತ್ರೋನಾಳನ್ನು ಪಟ್ಟಣದ ಆಸ್ಪತ್ರೆಯಿಂದ ಕರೆತರಲು ಐವರ್‌ನೇ ಹೊರಟ. ಮರಳುವ ದಾರಿಯಲ್ಲಿ ಮಂಜು ಕವಿಯಿತು, ರೆಕ್ಕೆಗೆ ಹಿಮ ಕಟ್ಟಿತು. ವಿಮಾನ ಹೆಪ್ಪುಗಟ್ಟಿದ ಕೆರೆಯ ಹತ್ತಿರ ಬಿದ್ದಿದೆಯೆಂದು ಮನೆಮನೆಯ ರೇಡಿಯೋ ಹೇಳಿತು.

ಸೋದರಮಾವ ವಾಸಿಲಿಯ ಮೋಟಾರು ಹಿಮಬಂಡಿಯ ಹಿಂದೆಯೇ ನಾಸ್ತಾ ತನ್ನ ಬಂಡಿ ಓಡಿಸಿದಳು. 'ಇಬ್ಬರನ್ನೂ ಕಿತ್ಕೋಬೇಡ ದೇವರೇ...'

"ಹೆದರ್ಬೇಡ ಮಗಳೇ, ನಿನ್ನಜ್ಜಿ ಗಟ್ಟಿಜೀವ," ಹಿಂತಿರುಗಿ ಕೂಗಿದ ಮಾವ. ಆದರೂ ಬಂಡಿಯ ವೇಗ ಹೆಚ್ಚಿಸಿದ.

ಮಧ್ಯಾಹ್ನದ ಹೊತ್ತಿಗೆ ಮುರಿದ ರೆಕ್ಕೆ ಕಂಡಿತು. ಒಳಗೆ ಅಜ್ಜಿ ಐವರ್‌ನ ದಪ್ಪ ಕೋಟು ಹೊದ್ದು ಕೂತಿದ್ದಳು. ಅವನು ಕಾಲು ಮುರಿದುಕೊಂಡು ತೆಳು ಕಂಬಳಿಯೊಳಗೆ ಮುದುರಿದ್ದ. ತುಟಿ ಮರಗಟ್ಟಿ ಮಾತೇ ಹೊರಡುತ್ತಿರಲಿಲ್ಲ.

ನಾಸ್ತಾ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ಯಾಕೆ ಬರ್ಲಿಲ್ಲ? ನಾನು ಬೇಡವಾದ್ನಾ?"

ಐವರ್ ಕಷ್ಟಪಟ್ಟು ಮೂಗು ಸುಕ್ಕಿಸಿದ.

ಅವಳು ಇನ್ನಷ್ಟು ಹತ್ತಿರ ಬಾಗಿದಳು. "ಹಾಗಾದ್ರೆ... ಇನ್ನೂ ನನ್ನನ್ನ ಮದುವೆ ಆಗ್ತೀಯಾ?"

ಹಿಮ ಹಿಡಿದ ಹುಬ್ಬುಗಳು ಮೆಲ್ಲಗೆ ಮೇಲೇರಿದವು.

"ಬಿದ್ದಾಗಿನಿಂದ ಇದೇ ಪಾಠ ಮಾಡ್ತಿದ್ದೀನಿ," ಅಜ್ಜಿ ಗೊಣಗಿದಳು. "ನೀನು ಅವತ್ತು ಹೌದು ಅಂದಿದ್ದು ಈ ದಡ್ಡನಿಗೆ ಗೊತ್ತೇ ಆಗಿಲ್ಲ ಕಣೇ. ನೀನು ಬೆಚ್ಚಿಬಿದ್ದೆ ಅಂದ್ಕೊಂಡು ದೂರ ಉಳಿದಿದ್ದಾನೆ."

ನಾಸ್ತಾ ಅಳುತ್ತಲೇ ನಕ್ಕಳು. ಅವನನ್ನು ತನ್ನ ಕೋಟಿನೊಳಕ್ಕೆ ಎಳೆದುಕೊಂಡು ಕಿವಿಯಲ್ಲಿ ಹೇಳಿದಳು.

"ಹೌದು. ಅವತ್ತೂ ಹೌದು, ಇವತ್ತೂ ಹೌದು."

ಅವನ ತುಟಿ ಅಲುಗಿತು. "ಇನ್ನೊಂದ್... ಸಲ..."

"ಹೌದು ಕಣೋ."