ನಲವತ್ತೊಂದನೇ ನಂಬರಿನ ಡಬ್ಬಿ

ಹೆಂಡತಿ ಬೈಯುವುದನ್ನು ನಿಲ್ಲಿಸಿ ಎಂಟು ತಿಂಗಳಾಗಿತ್ತು. ಆಸ್ಪತ್ರೆಯ ಸ್ಟೋರ್ ಕೀಪರನಿಗೆ ಅದನ್ನು ಇನ್ನು ಒಂದು ದಿನವೂ ಸಹಿಸಲು ಸಾಧ್ಯವಿರಲಿಲ್ಲ. ಹೇಳಿಕೊಂಡರೆ ಜನ ನಗುತ್ತಾರೆ. ಬೇರೆ ಗಂಡಂದಿರು ಇಂಥ ಭಾಗ್ಯಕ್ಕೆ ಬಾಯಿಬಾಯಿ ಬಿಡುತ್ತಾರೆ. ಆದರೆ ಇವನು ಇಪ್ಪತ್ತೆರಡು ವರ್ಷ ಅವಳ ಬೈಗುಳ ಕೇಳಿಯೇ ಏಳುತ್ತಿದ್ದವನು, ಅದನ್ನು ಕೇಳಿಯೇ ಮಲಗುತ್ತಿದ್ದವನು. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದರೆ ಬೀದಿಯ ತುದಿಗೆ ಕೇಳುವಂತೆ ಕೂಗುತ್ತಿದ್ದವಳು ಈಗ ಆ ಟವೆಲಿನ ಪಕ್ಕದಲ್ಲೇ ಗೋಡೆ ನೋಡುತ್ತ ಕೂತಿರುತ್ತಿದ್ದಳು. ಒಮ್ಮೆ ಅವನು ಬೇಕೆಂದೇ ಕೆಸರು ಬೂಟಿನಲ್ಲಿ ಅಡುಗೆಮನೆಗೆ ಹೋಗಿ ನಿಂತ. ಅವಳು ಬೂಟು ನೋಡಿದಳು, ಮುಖ ನೋಡಿದಳು, "ಊಟ ಮಾಡ್ತೀರಾ?" ಅಂದಳು. ಅವನು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿಟ್ಟು ಅತ್ತ.

ಇದು ಖಿನ್ನತೆ ಎಂದರು ಡಾಕ್ಟರಮ್ಮ. ಮಾಮೂಲಿ ಔಷಧಿ ಬರೆದುಕೊಟ್ಟು, ಜೊತೆಗೆ ತಾವು ನಡೆಸುತ್ತಿದ್ದ ಆರು ತಿಂಗಳ ಪ್ರಯೋಗಕ್ಕೂ ಅವಳನ್ನು ಸೇರಿಸಿಕೊಂಡರು.

"ಮೈತೂಕದಲ್ಲಿ ಮಿದುಳು ಐವತ್ತರಲ್ಲಿ ಒಂದು ಪಾಲು. ಆದ್ರೆ ಮೈಯ ಶಕ್ತಿಯಲ್ಲಿ ಐದರಲ್ಲಿ ಒಂದು ಪಾಲು ಅದೊಂದೇ ತಿಂದುಹಾಕುತ್ತೆ," ಎಂದು ಅವರು ವಿವರಿಸಿದಾಗ ಸ್ಟೋರ್ ಕೀಪರನಿಗೆ ಮನೆಯಲ್ಲಿ ಮೂರು ವಾರ ಬೀಡುಬಿಟ್ಟಿದ್ದ ಭಾವಮೈದುನ ನೆನಪಾದ. ಅಷ್ಟೆಲ್ಲ ಉರಿಯುವ ಕಡೆ ಮಸಿಯೂ ಕೂರುತ್ತದೆ, ಮಸಿ ಕೂತರೆ ಒಲೆ ಮಂಕಾಗುತ್ತದೆ. ಆ್ಯಂಟಿಆಕ್ಸಿಡೆಂಟ್ ಪುಡಿ ಆ ಮಸಿಯನ್ನು ಒರೆಸೀತೇ, ಒರೆಸಿದರೆ ಮನಸ್ಸು ಹಗುರಾದೀತೇ ಎಂದು ನೋಡುವುದು ಪ್ರಯೋಗ. "ಆದೀತು ಅಂತ ನಾನು ಹೇಳ್ತಿಲ್ಲ, ನೋಡೋಣ ಅಂತಿದೀನಿ ಅಷ್ಟೇ," ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು. ಅದನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಿವಿಗೆ ಬಿದ್ದದ್ದು ಮುಂದಿನ ಮಾತು. ಅರವತ್ತು ರೋಗಿಗಳಲ್ಲಿ ಅರ್ಧ ಜನರಿಗೆ ಅಸಲಿ ಪುಡಿ. ಉಳಿದರ್ಧಕ್ಕೆ ಅದೇ ಬಣ್ಣದ ಕ್ಯಾಪ್ಸೂಲಿನಲ್ಲಿ ಬರೀ ಹಿಟ್ಟು. ಯಾರಿಗೆ ಯಾವುದು ಎಂಬ ಪಟ್ಟಿ ಅರಗು ಒತ್ತಿದ ಲಕೋಟೆಯಲ್ಲಿ ಭದ್ರ. ಡಾಕ್ಟರಮ್ಮನಿಗೂ ಗೊತ್ತಿಲ್ಲ, ನಂಬರು ಅಂಟಿಸಿದ ಡಬ್ಬಿಗಳನ್ನು ಕಪಾಟಿನಲ್ಲಿಟ್ಟು ತಿಂಗಳಿಗೊಂದರಂತೆ ಕಿಟಕಿಯಿಂದ ಕೊಡುವ ಸ್ಟೋರ್ ಕೀಪರನಿಗೂ ಗೊತ್ತಿಲ್ಲ. ಹಾಗೆಂದೇ ಅವನ ಹೆಂಡತಿ ಸೇರಲು ಅಡ್ಡಿ ಬರಲಿಲ್ಲ. ಅವಳ ನಂಬರು ನಲವತ್ತೊಂದು.

ಎರಡು ತಿಂಗಳು ಕಳೆದರೂ ಅವಳು ಗೋಡೆ ಬಿಡಲಿಲ್ಲ. ಅತ್ತ ಹದಿನೇಳನೇ ನಂಬರಿನ ಬ್ಯಾಂಡ್ ಮಾಸ್ತರರು, ನಿವೃತ್ತಿಯಾದ ಮೇಲೆ ಮಾತೇ ಮರೆತವರಂತಿದ್ದವರು, ಕಿಟಕಿಯ ಕಟ್ಟೆಯ ಮೇಲೆ ಬೆರಳಲ್ಲಿ ತಾಳ ಹಾಕತೊಡಗಿದರು. ಸ್ಟೋರ್ ಕೀಪರನ ಹೊಟ್ಟೆಗೆ ಬೆಂಕಿ ಬಿತ್ತು. ಮಾಸ್ತರರು ನುಂಗಲು ಮರೆತು ವಾಪಸು ಕೊಟ್ಟ ಮೂರು ಕ್ಯಾಪ್ಸೂಲುಗಳಲ್ಲಿ ಒಂದನ್ನು ಬಿಚ್ಚಿ ನಾಲಿಗೆಯ ತುದಿಗೆ ತಾಗಿಸಿದ. ಕಿವಿಯವರೆಗೆ ಕಹಿ! ಮನೆಗೆ ಹೋಗಿ ಹೆಂಡತಿಯದನ್ನೂ ನೆಕ್ಕಿ ನೋಡಿದ. ಸಪ್ಪೆ. ಎರಡು ತಿಂಗಳಿಂದ ಅವನ ಹೆಂಡತಿ ಹಿಟ್ಟು ನುಂಗುತ್ತಿದ್ದಳು.

ಯೋಜನೆ ಒಂದೇ ಮಧ್ಯಾಹ್ನದಲ್ಲಿ ಸಿದ್ಧವಾಯಿತು, ಅವನೇ ಬೆರಗಾಗುವಷ್ಟು ಚೆಂದವಾಗಿ. ಕದಿಯುವುದು ದಡ್ಡರ ಕೆಲಸ. ಅವನು ಏನನ್ನೂ ಕದಿಯುವುದಿಲ್ಲ. ಮಿಕ್ಕ ನಾಲ್ಕು ತಿಂಗಳ ಡಬ್ಬಿಗಳು ಅವನ ಕಪಾಟಿನಲ್ಲೇ ಇದ್ದವು. ಊಟದ ಹೊತ್ತಿಗೆ ಬಾಗಿಲು ಹಾಕಿಕೊಂಡು, ಕೆಟಲಿನ ಹಬೆಗೆ ಹಿಡಿದು, ಹದಿನೇಳರ ನಾಲ್ಕು ಚೀಟಿಗಳನ್ನೂ ನಲವತ್ತೊಂದರ ನಾಲ್ಕು ಚೀಟಿಗಳನ್ನೂ ಎಬ್ಬಿಸಿ ಅದಲುಬದಲು ಮಾಡಿ ಅಂಟಿಸಿದ. ಮುಚ್ಚಳ ಬಿಚ್ಚಲಿಲ್ಲ, ಲೆಕ್ಕ ಕೆಡಲಿಲ್ಲ.

ರಕ್ತದ ವಿಷಯವನ್ನೂ ಅವನು ಮರೆತಿರಲಿಲ್ಲ. ಅಸಲಿ ಪುಡಿ ಒಳಗೆ ಹೋದವರ ರಕ್ತದಲ್ಲಿ ಗುರುತು ಸಿಗುತ್ತಿತ್ತು, ಅದಕ್ಕೆಂದೇ ತಿಂಗಳಿಗೊಮ್ಮೆ ಎಲ್ಲರ ರಕ್ತ ತೆಗೆಯುತ್ತಿದ್ದರು. ಹೋಲಿಸಿ ನೋಡಲು ಆರೋಗ್ಯವಂತರೂ ಬೇಕೆಂದು ಆಸ್ಪತ್ರೆಯ ಸಿಬ್ಬಂದಿಯಲ್ಲಿ ಹತ್ತು ಮಂದಿ ತೋಳು ಕೊಡುತ್ತಿದ್ದರು. ಅರ್ಧ ದಿನದ ರಜೆಯ ಆಸೆಗೆ ಅವನೂ ಅದರಲ್ಲಿ ಒಬ್ಬ. ಕೊನೆಗೆ ಲಕೋಟೆ ಒಡೆದಾಗ ಏನು ಕಾಣುತ್ತದೆ? ಹದಿನೇಳರಲ್ಲಿ ಇರಬೇಕಾದ್ದು ನಲವತ್ತೊಂದರಲ್ಲಿ. "ಚೀಟಿ ಅಂಟಿಸೋ ಮೆಷಿನ್ ಎಡವಟ್ಟು ಮಾಡಿದೆ ಮೇಡಂ," ಎಂದರಾಯಿತು. ಮೆಷಿನ್ ತಿರುಗಿ ಮಾತಾಡುವುದಿಲ್ಲ.

ಅವನು ಲೆಕ್ಕ ಹಾಕದೆ ಬಿಟ್ಟದ್ದು ತನ್ನ ಅಳ್ಳೆದೆಯನ್ನು. ಫೋನ್ ರಿಂಗಾದರೆ ಬೆಚ್ಚಿಬೀಳತೊಡಗಿದ. ಬ್ಯಾಂಡ್ ಮಾಸ್ತರರು ಕಿಟಕಿಯಲ್ಲಿ ಕೈ ಕುಲುಕಿದರೆ ಮೈಯೆಲ್ಲ ಬೆವರು. ಊಟ ಸೇರದು, ನಿದ್ದೆ ಹತ್ತದು. ಒಂದು ವಾರದಲ್ಲಿ ಪ್ಯಾಂಟು ಸೊಂಟದ ಮೇಲೆ ನಿಲ್ಲದಾಯಿತು. ಹತ್ತು ತಿಂಗಳಲ್ಲಿ ಮೊದಲ ಬಾರಿಗೆ ಅವಳು ಗೋಡೆ ಬಿಟ್ಟು ಅವನನ್ನು ಕಣ್ಣಿಟ್ಟು ನೋಡಿದಳು.

"ಯಾಕ್ರೀ, ಹುಷಾರಿಲ್ವಾ?"

"ನಂಗೇನಾಗಿದೆ? ನೀನು ಮಾತ್ರೆ ಸರಿಯಾಗಿ ತಗೋ ಸಾಕು."

ಮಾರನೆಯ ಬೆಳಿಗ್ಗೆ ಅವಳೇ ಎದ್ದು ಕಾಫಿ ಮಾಡಿ ತಂದುಕೊಟ್ಟಳು. ಸ್ಟೋರ್ ಕೀಪರ್ ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡ. ಕಾಫಿ ವಿಪರೀತ ಕಹಿಯಾಗಿತ್ತು. ಇಷ್ಟು ದಿನ ಕೈ ಬಿಟ್ಟಿದ್ದಾಳಲ್ಲ, ಅಳತೆ ತಪ್ಪಿರಬೇಕು ಅಂದುಕೊಂಡು ತಳದವರೆಗೂ ಕುಡಿದ. "ಚೆನ್ನಾಗಿದೆ ಕಣೇ," ಅಂದ. ಅಂದದ್ದೇ ತಪ್ಪಾಯಿತು, ದಿನವೂ ಅಂಥದೇ ಬಂತು.

ಮುಂದಿನದನ್ನು ಅವನು ತಾನೇ ಬರೆದ ನಾಟಕ ನೋಡುವವನಂತೆ ನೋಡಿದ. ಅವಳು ಅವನ ತಟ್ಟೆಯ ಮೇಲೆ ಕಣ್ಣಿಡತೊಡಗಿದಳು. ಲೋಟ ಖಾಲಿಯಾಯಿತೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದಳು. "ಮಾತ್ರೆ ತಗೊಂಡ್ಯಾ?" ಎಂದು ಕೇಳಿದರೆ, "ಓ, ಅದು ಆಗ್ಲೇ ಹೊಟ್ಟೆ ಸೇರಾಯ್ತು," ಎಂದು ತುಟಿಯ ಕೊನೆಯಲ್ಲಿ ನಗುತ್ತಿದ್ದಳು. ಐದನೇ ವಾರದ ಒಂದು ಬೆಳಿಗ್ಗೆ ಅವನು ಸ್ನಾನ ಮಾಡಿ ಬಂದು ಎಂದಿನಂತೆ ಟವೆಲ್ ಎಸೆದ.

"ಎಷ್ಟು ಸಲ ಬಡ್ಕೋಬೇಕು ನಿಮಗೆ! ಇದೇನು ಮನೆನೋ ಬಸ್ ಸ್ಟ್ಯಾಂಡೋ?"

ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಸ್ಟೋರ್ ಕೀಪರ್ ಆ ಒದ್ದೆ ಟವೆಲಿನಲ್ಲೇ ಮುಖ ಮುಚ್ಚಿಕೊಂಡ. ಸಂತೋಷಕ್ಕೆ ಅವನ ಭುಜ ಕುಣಿಯುತ್ತಿತ್ತು. ಸಂಜೆಯ ಹೊತ್ತಿಗೆ ಅವನ ಬೂಟು, ಅವನ ಹಲ್ಲುಜ್ಜುವ ಸದ್ದು, ಅವನ ತಮ್ಮ, ಅವನ ಹಳೇ ಸ್ಕೂಟರು ಎಲ್ಲದರ ಮಂಗಳಾರತಿಯೂ ಆಗಿತ್ತು. ಹಿಟ್ಟು ನುಂಗುತ್ತಿದ್ದ ಮಾಸ್ತರರೂ ಕಳೆಗುಂದಲಿಲ್ಲ. ಹೊಸ ತುತ್ತೂರಿ ಕೊಂಡು ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ ಎಂದರು, "ನಿಮ್ಮ ಕೈಗುಣ ಒಳ್ಳೇದಪ್ಪಾ," ಎಂದೂ ಸೇರಿಸಿದರು. ಯಾರಿಗೂ ನಷ್ಟವಿಲ್ಲದ ಅಪರಾಧ! ಅವನಿಗೆ ಹಸಿವು ಮರಳಿತು, ನಿದ್ದೆ ಬಂತು. ಜಗತ್ತಿನಲ್ಲಿ ಇಷ್ಟು ಬುದ್ಧಿವಂತನೊಬ್ಬ ಸ್ಟೋರಿನಲ್ಲಿ ಹತ್ತಿ ಎಣಿಸುತ್ತ ಕೂತಿದ್ದಾನಲ್ಲ ಎಂದು ತನ್ನ ಬಗ್ಗೆಯೇ ಮರುಕವೂ ಆಯಿತು.

ಆರು ತಿಂಗಳು ಮುಗಿದ ಮೇಲೆ ಎಲ್ಲರನ್ನೂ ಸಭಾಂಗಣಕ್ಕೆ ಕರೆದು ಲಕೋಟೆ ಒಡೆದರು. ಸ್ಟೋರ್ ಕೀಪರ್ ಹೆಂಡತಿಯ ಪಕ್ಕ, ಮೆಷಿನ್ನಿನ ಮಾತನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕೂತಿದ್ದ. "ಹದಿನೇಳನೆಯವರಿಗೆ ಅಸಲಿ ಪುಡಿ ಅಂತಿದೆ, ಆದ್ರೆ ಮೂರನೇ ತಿಂಗಳಿಂದ ಅವರ ರಕ್ತದಲ್ಲಿ ಅದರ ಸುಳಿವೇ ಇಲ್ಲ," ಎಂದರು ಡಾಕ್ಟರಮ್ಮ. ಅವನು ಗಂಟಲು ಸರಿಮಾಡಿಕೊಂಡ. "ಹಿಟ್ಟು ತಗೊಂಡ ಯಾವ ರೋಗಿಯ ರಕ್ತದಲ್ಲೂ ಅದು ಬಂದಿಲ್ಲ. ಬಂದಿರೋದು ನಮ್ಮ ಸಿಬ್ಬಂದಿಯ ಒಂಬತ್ತನೇ ನಂಬರಿನವರಲ್ಲಿ, ಸರಿಯಾಗಿ ಮೂರನೇ ತಿಂಗಳಿಂದ. ಯಾರವರು?" ಸ್ಟೋರ್ ಕೀಪರ್ ಕುರ್ಚಿಯಲ್ಲಿ ಕುಗ್ಗಿದ. "ರೀ! ನಿಮ್ಮದೇ ಅಲ್ವೇನ್ರೀ ಒಂಬತ್ತು? ಕಿವಿ ಕೇಳಿಸಲ್ವಾ? ಏಳ್ರಿ ಮೇಲೆ!" ಎಂಬ ಹೆಂಡತಿಯ ಕೂಗಿಗೆ ಇಡೀ ಸಭಾಂಗಣ ತಿರುಗಿ ನೋಡಿತು. ಎದ್ದು ನಿಂತ ಗಂಡನ ಮುಖ ಬಿಳಿಚಿದ್ದು ಕಂಡು ಅವಳೂ ಎದ್ದಳು. "ಇವರದೇನೂ ತಪ್ಪಿಲ್ಲ ಡಾಕ್ಟ್ರೇ, ಬೈಯೋದಾದ್ರೆ ನನ್ನ ಬೈರಿ. ಮೂರನೇ ತಿಂಗಳಲ್ಲಿ ಇವರು ಒಣಗಿ ಕಡ್ಡಿಯಾದ್ರು, ನಂಗಿಂತ ಇವರಿಗೇ ಆ ಕಾಯಿಲೆ ಜಾಸ್ತಿಯಾಗಿದೆ ಅನ್ನಿಸ್ತು. ಕೊಟ್ರೆ ತಗೋತಾರಾ? ಅದಕ್ಕೇ ನನ್ನ ಡಬ್ಬಿಯದನ್ನೆಲ್ಲ ದಿನಾ ಬಿಡಿಸಿ ಇವರ ಕಾಫಿಗೆ ನಾನೇ ಹಾಕ್ತಿದ್ದೆ," ಎಂದು ಗಂಡನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಡಾಕ್ಟರಮ್ಮ ಪಟ್ಟಿಯ ಮೇಲೆ ಬೆರಳಿಟ್ಟು ನಲವತ್ತೊಂದರವರೆಗೆ ಇಳಿಸಿದರು, ಕನ್ನಡಕ ತೆಗೆದರು, ಸ್ಟೋರ್ ಕೀಪರನ ಸೊಂಟದ ಬೀಗದಕೈ ಗೊಂಚಲನ್ನು ಒಂದು ಗಳಿಗೆ ನೋಡಿದರು. "ನಿಮ್ಮ ಡಬ್ಬಿಯಲ್ಲಿ ಇರಬೇಕಾಗಿದ್ದದ್ದು ಬರೀ ಹಿಟ್ಟಮ್ಮಾ," ಎಂದರು.