ಡಾಕ್ಟರ ಪೆನ್ನು ಬರಿದು ಮಾಡಿದವರಾರು?

"ನಾನು ಮಾಡಿಲ್ಲಮ್ಮ. ಮೂರು ದಿನದಿಂದ ಮಾವ ನನ್ನ ಮುಖ ನೋಡ್ತಿಲ್ಲ. ನಾಳೆ ಬೋರ್ಡು ಇಳಿಸಿ ಕ್ಲಿನಿಕ್ಕೇ ಮುಚ್ತಾರಂತೆ."

ಡಾಕ್ಟರ ಸೊಸೆ ಹೀಗೆಂದು ಒಂದು ಪೆನ್ನನ್ನೂ ಒಂದು ಚೀಟಿಯನ್ನೂ ಮೇಜಿನ ಮೇಲಿಟ್ಟಾಗ, ಮೂಲೆಯ ಸ್ಟೂಲಿನಲ್ಲಿ ಟೀ ಹೀರುತ್ತಿದ್ದ ಕಂಡಕ್ಟರನ ಕಿವಿ ನಿಮಿರಿತು. ಅವನು ನಿವೃತ್ತನಾಗಿ ಆರು ವರ್ಷವಾಗಿತ್ತು. ಮೂವತ್ತು ವರ್ಷ ಟಿಕೆಟ್ ಇಲ್ಲದವರನ್ನು ಹಿಡಿದೂ ಹಿಡಿದೂ, ಎದುರಿಗೆ ಬಂದವರನ್ನೆಲ್ಲ ಅನುಮಾನಿಸುವ ಚಾಳಿ ಮಾತ್ರ ಹೋಗಿರಲಿಲ್ಲ. ಈ ಪೆನ್ ರಿಪೇರಿ ಅಂಗಡಿಯ ಒಡತಿ ನಿಬ್ಬಮ್ಮನ ದಾರಿಯೇ ಬೇರೆ. ಅವಳು ಮೊದಲು ಪೆನ್ನನ್ನು ವಿಚಾರಿಸುತ್ತಿದ್ದಳು, ಆಮೇಲೆ ಮನುಷ್ಯರನ್ನು.

ನಡೆದದ್ದು ಇಷ್ಟು. ಸೋಮವಾರ ಡಾಕ್ಟರು ಒಬ್ಬ ಮುದುಕಿಗೆ ನಿದ್ದೆಯ ಮಾತ್ರೆ ಬರೆದುಕೊಟ್ಟಿದ್ದರು. ಮುದುಕಿಯ ಅಳಿಯ ಚೀಟಿಯನ್ನು ಅಲ್ಲೇ ಮಡಿಚಿ ಜೇಬಿಗಿಳಿಸಿ, ಪಕ್ಕದ ಔಷಧಿ ಅಂಗಡಿಗೆ ಹೋದ. ಅಂಗಡಿಯವನು "ರಾತ್ರಿಗೆ ಎರಡು" ಎಂದು ಹೇಳಿ ಮಾತ್ರೆ ಕೊಟ್ಟ. ಮಂಗಳವಾರ ಮುದುಕಿ ಏಳಲೇ ಇಲ್ಲ. ಅಳಿಯ ಕೂಗಾಡುತ್ತ ಬಂದು ಚೀಟಿಯನ್ನು ಡಾಕ್ಟರ ಮೇಜಿನ ಮೇಲೆ ಎಸೆದ. ಡಾಕ್ಟರು ಕೋಟು, ಪೆನ್ನು ಎಲ್ಲ ಬಿಟ್ಟು ಆಸ್ಪತ್ರೆಗೆ ಓಡಿದರು. ಬಂದು ಚೀಟಿ ನೋಡಿದರೆ, ಎಷ್ಟು ಮಾತ್ರೆ ಎಂದು ಬರೆದ ಜಾಗದಲ್ಲೇ ದೊಡ್ಡ ಶಾಯಿಯ ಕಲೆ!

"ಮುದುಕಿ ಈಗ ಹೇಗಿದ್ದಾರೆ?" ನಿಬ್ಬಮ್ಮ ಕೇಳಿದಳು.

"ಪುಣ್ಯಕ್ಕೆ ಕಣ್ಣು ಬಿಟ್ಟಿದ್ದಾರೆ. ಮಾವ ಅರ್ಧ ಮಾತ್ರೆ ಅಂತ ಬರೆದದ್ದು ನಾನೇ ನೋಡಿದ್ದೆ. ಆದ್ರೆ ಔಷಧಿ ಅಂಗಡಿಯವರು, ಡಾಕ್ಟ್ರೇ ಎರಡು ಅಂತ ಬರೆದಿದ್ರು, ಮಾನ ಉಳಿಸೋಕೆ ಸೊಸೆ ಶಾಯಿ ಸುರಿದಿದ್ದಾಳೆ ಅಂತಾರೆ. ಮಾವ ಅದನ್ನೇ ನಂಬಿಬಿಟ್ಟಿದ್ದಾರೆ. ತನಗೆ ಅರಳುಮರಳು ಅಂದ್ಕೊಂಡಿದ್ದಾರೆ."

"ಡಾಕ್ಟ್ರು ವಾಪಸ್ ಬರೋ ತನಕ ಆ ಕೋಣೆಗೆ ಯಾರ್‍ಯಾರು ಬಂದಿದ್ರು?"

"ಅಂಗಡಿಯವರು ಏನಾಯ್ತು ಅಂತ ಕೇಳ್ಕೊಂಡು ಬಂದ್ರು. ಅಳಿಯ ಅತ್ತೆಯ ಕನ್ನಡಕ ಮರೆತೆ ಅಂತ ವಾಪಸ್ ಬಂದ. ನಾನು ಒಳಗೆ ಅಡುಗೆಮನೆಯಲ್ಲಿದ್ದೆ."

ಅಳಿಯನೇ ಕಳ್ಳ ಎಂದು ಕಂಡಕ್ಟರ ಅಲ್ಲೇ ತೀರ್ಪು ಕೊಟ್ಟುಕೊಂಡ. ಅತ್ತೆಯ ಕನ್ನಡಕದ ಮೇಲೆ ಯಾವ ಅಳಿಯನಿಗೆ ಅಷ್ಟು ಅಕ್ಕರೆ!

ನಿಬ್ಬಮ್ಮ ಪೆನ್ನು ಬಿಚ್ಚಿದಳು. ಅದು ಹಳೆಯ ಕಾಲದ್ದು, ಒಳಗೆ ಕೊಳವೆಯಿಲ್ಲ, ರಬ್ಬರು ಚೀಲವಿಲ್ಲ. ಹೊಟ್ಟೆಗೇ ಫಿಲ್ಲರಿನಿಂದ ಹನಿಹನಿಯಾಗಿ ಶಾಯಿ ತುಂಬಬೇಕು. ಈಗ ಅದು ಖಾಲಿಯಾಗಿತ್ತು. ತಿರುಪಿನ ಸುತ್ತುಗಳಲ್ಲಿ ಶಾಯಿ ಮೆತ್ತಿ ಒಣಗಿತ್ತು.

"ಯಾವಾಗ ತುಂಬಿಸಿದ್ದು?"

"ಸೋಮವಾರ ಬೆಳಿಗ್ಗೆ, ಮೊದಲ ಪೇಷೆಂಟ್ ಬರೋ ಮುಂಚೆ. ತೊಳೆದು, ಕತ್ತಿನ ತನಕ ತುಂಬಿಸಿ, ತಿರುಪಿಗೆ ಗ್ರೀಸ್ ಹಚ್ಚಿದ್ದೆ. ಹತ್ತು ದಿನ ಬರುತ್ತೆ."

ನಿಬ್ಬಮ್ಮ ಚೀಟಿಯನ್ನು ಬೆಳಕಿಗೆ ಹಿಡಿದಳು. ಕಂಡಕ್ಟರನೂ ಬಗ್ಗಿ ನೋಡಿದ. ಸಹಿಯ ಎದುರಿನ ಮಡಿಕೆಯಲ್ಲಿ ಅದೇ ಸಹಿ ತಿರುಗುಮುರುಗಾಗಿ ತೆಳ್ಳಗೆ ಮೂಡಿತ್ತು. ಕಲೆಯ ಎದುರಿನ ಜಾಗ ಬೆಳ್ಳಗಿತ್ತು.

"ನಾಳೆ ಎಲ್ಲರನ್ನೂ ಕ್ಲಿನಿಕ್ಕಿಗೆ ಕರೀರಿ" ಎಂದಳು ನಿಬ್ಬಮ್ಮ.

ಮರುದಿನ ಕ್ಲಿನಿಕ್ಕಿನಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡದೆ ಕುಳಿತಿದ್ದರು. ಡಾಕ್ಟರು ಗೋಡೆ ನೋಡುತ್ತಿದ್ದರು. ಅಳಿಯ ಕಾಲು ಕುಣಿಸುತ್ತಿದ್ದ. ಕಂಡಕ್ಟರ ಬಾಗಿಲಿಗೆ ಅಡ್ಡ ನಿಂತು, ಅವನು ಓಡಿದರೆ ಹಿಡಿಯಲು ತೋಳು ಮಡಿಚಿಕೊಂಡ.

"ನಿಮ್ಮಿಬ್ಬರಿಗೂ ಇಂಥ ಪೆನ್ನು ಗೊತ್ತಾ?" ನಿಬ್ಬಮ್ಮ ಕೇಳಿದಳು.

"ನನ್ದೇನಿದ್ರೂ ಬಾಲ್ ಪೆನ್ನು" ಎಂದ ಅಳಿಯ.

"ನಾನು ಇಂಕ್ ಪೆನ್ನು ಮುಟ್ಟಿದೋನೇ ಅಲ್ಲ" ಎಂದ ಅಂಗಡಿಯವನು.

ಅವಳು ಇಬ್ಬರ ಕೈಗೂ ಅಂಥದೇ ಒಂದೊಂದು ಪೆನ್ನು ಕೊಟ್ಟಳು. "ಒಟ್ಟಿಗೆ ಬಿಚ್ಚಿ ನೋಡೋಣ."

ಅಳಿಯ ನಿಬ್ಬು ಕೆಳಗೆ ಮಾಡಿ ಗರ್‍ರನೆ ತಿರುಗಿಸಿದ. ಶಾಯಿಯ ಬದಲು ನಿಬ್ಬಮ್ಮ ತುಂಬಿಟ್ಟಿದ್ದ ನೀರೆಲ್ಲ ಅವನ ತೊಡೆಗೆ ಸುರಿಯಿತು. "ಥೂ, ಇದೇನ್ರೀ ಇದು!" ಎಂದು ಎಗರಿ ನಿಂತ.

ಅಂಗಡಿಯವನ ಪೆನ್ನಿನಿಂದ ಒಂದು ಹನಿಯೂ ಚೆಲ್ಲಿರಲಿಲ್ಲ. ಅವನು ಕರವಸ್ತ್ರ ಹಾಸಿಕೊಂಡು, ನಿಬ್ಬನ್ನು ಮೇಲೆ ಮಾಡಿ, ಉಸಿರು ಬಿಗಿಹಿಡಿದು ಮೆಲ್ಲಗೆ ತಿರುಗಿಸಿದ್ದ.

"ಮುಟ್ಟದೋರಿಗೆ ಇಷ್ಟು ಭಯ ಎಲ್ಲಿಂದ ಬಂತು?" ಎಂದಳು ನಿಬ್ಬಮ್ಮ.

ಅಂಗಡಿಯವನ ಮುಖ ಹುಳ್ಳಗಾಯಿತು. ಕಂಡಕ್ಟರ ತೋಳು ಬಿಡಿಸಿ, ತಾನು ಮೊದಲಿನಿಂದಲೂ ಇವನನ್ನೇ ಗುಮಾನಿಸಿದ್ದವನಂತೆ ಗತ್ತಿನಿಂದ ಕೆಮ್ಮಿದ.

"ಕೇಳಿ" ಎಂದಳು ನಿಬ್ಬಮ್ಮ. "ಈ ಪೆನ್ನಲ್ಲಿ ಶಾಯಿ ತಳ ಕಂಡಾಗ ಒಳಗೆ ಗಾಳಿ ತುಂಬುತ್ತೆ. ಕೈ ಬಿಸಿಗೆ ಆ ಗಾಳಿ ಉಬ್ಬಿ ಶಾಯಿ ಕಕ್ಕಿಸುತ್ತೆ. ಸೋಮವಾರ ಪೆನ್ನು ತುಂಬಿತ್ತು, ಹಾಗೆ ಕಕ್ಕೋ ಮಾತೇ ಇಲ್ಲ. ಚೀಟೀನ ಹಸಿಯಾಗಿದ್ದಾಗಲೇ ಮಡಿಚಿದ್ರಿಂದ ಸಹಿ ಎದುರಿಗೆ ಅಂಟಿದೆ, ಕಲೆ ಅಂಟಿಲ್ಲ. ಅಂದ್ರೆ ಕಲೆ ಬಿದ್ದದ್ದು ಮಂಗಳವಾರ. ಸೊಸೆ ಮಾಡಿದ್ರೆ ಬಾಟ್ಲಿ, ಫಿಲ್ಲರ್ ಅವಳ ಕೈಯಲ್ಲೇ ಇತ್ತು. ಪೆನ್ನು ಬರಿದಾಗೋದು ಯಾಕೆ? ಚೀಟಿಗೆ ಶಾಯಿ ಬಿಡೋಕೆ ಅಂತ, ಬಿಚ್ಚೋಕೆ ಬರದೋನು ನಿಬ್ಬು ಕೆಳಗೆ ಮಾಡಿ ಬಿಚ್ಚಿದ, ಶಾಯಿಯೆಲ್ಲ ಚೀಟಿ ಮೇಲೂ ಮೈಮೇಲೂ ಬಿತ್ತು. ಒಂದ್ಸಲ ಹಾಗಾದೋನು ಎರಡನೇ ಸಲ ಹುಷಾರಾಗಿ ಹಿಡೀತಾನೆ. ಈಗ ಹಿಡಿದ ಹಾಗೆ."

ಅಂಗಡಿಯವನು ಕುರ್ಚಿಯಲ್ಲಿ ಕುಸಿದ. "ಅವತ್ತು ಅಂಗಡಿ ತುಂಬ ಜನ ಇದ್ರು. ಇನ್ನೊಬ್ಬರ ಮಾತ್ರೆ ಲೆಕ್ಕ ಇವರಿಗೆ ಹೇಳಿಬಿಟ್ಟೆ. ಲೈಸೆನ್ಸ್ ಹೋಗುತ್ತೆ ಅಂತ ಆ ಬರಹದ ಮೇಲೆ ಶಾಯಿ ಬಿಟ್ಟೆ ಸಾರ್."

"ನಮ್ಮತ್ತೆ ಜೀವ ಹೋಗ್ತಿತ್ತಲ್ಲೋ!" ಅಳಿಯ ಒದ್ದೆ ಬಟ್ಟೆಯಲ್ಲೇ ಅವನ ಮೇಲೆ ಏರಿಹೋದ. ಕಂಡಕ್ಟರ ಅವನನ್ನು ಹಿಡಿದನೇನೋ ನಿಜ, ಆದರೆ ಸ್ವಲ್ಪ ತಡಮಾಡಿಯೇ ಹಿಡಿದ.

ಡಾಕ್ಟರು ಗೋಡೆ ಬಿಟ್ಟು ಅಂಗಡಿಯವನ ಕಡೆ ತಿರುಗಿದರು.

"ನಾನು ಹುಚ್ಚನಾದೆ ಅಂತ ಮೂರು ದಿನ ನಿದ್ದೆ ಮಾಡಿಲ್ಲ ಕಣಯ್ಯ. ಇಪ್ಪತ್ತು ವರ್ಷದಿಂದ ಪಕ್ಕದಲ್ಲೇ ಇದ್ದೀಯ. ಬಂದು ಒಂದು ಮಾತು ನನ್ನನ್ನ ಕೇಳೋಕಾಗ್ಲಿಲ್ವಾ ನಿಂಗೆ?"

ಸೊಸೆ ಬಾಗಿಲ ಬಳಿ ನಿಂತಿದ್ದಳು. ಅವಳ ಕಣ್ಣು ತುಂಬಿ ಹರಿಯುತ್ತಿತ್ತು.

"ನೀವೂ ನನ್ನನ್ನ ಕೇಳ್ಬಹುದಿತ್ತು ಮಾವ" ಎಂದಳು.