ತಗಡಿನ ಮರೆ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಟೈಲರ್ ಒಬ್ಬ ಠಾಣೆಗೆ ಬಂದು ದೂರು ಕೊಟ್ಟ. ಅವನ ತಂಗಿ ಮಳೆಯಂಗಿ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ರೇಡಿಯೊ ತರಂಗಗಳಿಂದ ಪ್ಲಾಸ್ಟಿಕ್ ಹಾಳೆ ಬೆಸೆಯುವ ಯಂತ್ರ ಅವಳ ಬಲಗೈಯನ್ನು ಸುಟ್ಟಿತ್ತು. ಚರ್ಮದ ಮೇಲೆ ಸಣ್ಣ ಬಿಳಿ ಕಲೆ, ಆದರೆ ಒಳಗೆ ಮಾಂಸವೇ ಬೆಂದಿತ್ತು. ಎರಡು ಬೆರಳು ತೆಗೆಯಬೇಕಾಯಿತು.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದರು.

"ಮಾಲೀಕನ ಮೇಲೆ ಸಾರ್. ಇನ್ಯಾರ ಮೇಲೆ?"

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಕಾರ್ಖಾನೆಯಲ್ಲಿ ಪಂಚನಾಮೆ ನಡೆಯಿತು. ಯಂತ್ರದಲ್ಲಿ ಹಾಳೆಯನ್ನು ಒತ್ತಿ ಹಿಡಿಯುವ ಲೋಹದ ಪಟ್ಟಿಯ ಸುತ್ತ ತಗಡಿನ ಮರೆ ಭದ್ರವಾಗಿಯೇ ಇತ್ತು. ಸುರಕ್ಷತಾ ಅಧಿಕಾರಿಣಿ ಮೀಟರ್ ಹಿಡಿದು ತರಂಗಗಳ ಸೋರಿಕೆ ಅಳೆದರು. ಕೆಲಸಗಾರರಿಗೆ ನಿಗದಿಪಡಿಸಿದ ಮಿತಿಗಿಂತ ಎಷ್ಟೋ ಕಡಿಮೆ. ತಾವು ತಂದಿದ್ದ ಸ್ಪ್ಯಾನರಿನಿಂದ ಮರೆ ಬಿಚ್ಚಿಸಿ ಮತ್ತೆ ಅಳೆದರು. ಮುಳ್ಳು ಮಿತಿಯ ಗೆರೆ ದಾಟಿ ಆಚೆ ತುದಿಗೆ ಹೋಗಿ ನಿಂತಿತು.

"ಅವತ್ತು ಮರೆ ಇದ್ದಿದ್ರೆ ಪಟ್ಟಿಗೆ ಕೈ ತಾಗ್ತಾನೇ ಇರಲಿಲ್ಲ," ಎಂದರು.

"ನಾನು ತೆಗೆಸಿಲ್ಲ ಸಾರ್," ಎಂದ ಮಾಲೀಕ.

ಕಾನ್‌ಸ್ಟೆಬಲ್ ಕುಕ್ಕರಗಾಲಲ್ಲಿ ಕೂತು ಪಕ್ಕದ ಯಂತ್ರಗಳನ್ನೂ ನೋಡಿದಳು. "ಸಾರ್, ಬೇರೆಯವಕ್ಕೆಲ್ಲ ಮರೆಯ ನಟ್ಟು ತುಕ್ಕು ಹಿಡಿದಿದೆ. ಇದಕ್ಕೆ ಮಾತ್ರ ಹೊಸದಾಗಿ ಗ್ರೀಸ್ ಹಚ್ಚಿದಾರೆ."

"ಈ ನಟ್ಟು ಬಿಚ್ಚೋ ಸ್ಪ್ಯಾನರ್ ಇಲ್ಲಿ ಯಾರ ಹತ್ರ ಇರುತ್ತೆ?" ಇನ್‌ಸ್ಪೆಕ್ಟರ್ ಮಾಲೀಕನನ್ನು ಕೇಳಿದರು.

"ಮೆಕ್ಯಾನಿಕ್ ಹತ್ರ ಮಾತ್ರ."

"ಎಲ್ಲಿ ಅವನು?"

"ಆಸ್ಪತ್ರೇಲಿ ಸಾರ್. ಅವಳ ಗಂಡ ಅವನೇ."

ಆಸ್ಪತ್ರೆಯಲ್ಲಿ ಮೆಕ್ಯಾನಿಕ್ ಹೆಂಡತಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದ. ಟೈಲರ್ ಕಿಟಕಿಯ ಬಳಿ ನಿಂತಿದ್ದ.

"ಮರೆ ತೆಗೆದವರು ಯಾರಮ್ಮ?" ಇನ್‌ಸ್ಪೆಕ್ಟರ್ ಅವಳನ್ನು ಕೇಳಿದರು.

"ನಾನೇ."

"ಯಾವುದರಿಂದ?"

"ಸ್ಕ್ರೂಡ್ರೈವರಿಂದ."

"ಅದು ಸ್ಕ್ರೂಡ್ರೈವರಿಗೆ ಬಿಚ್ಚಲ್ಲಮ್ಮ."

ಅವಳು ಗೋಡೆಯ ಕಡೆ ತಿರುಗಿದಳು. ಮೆಕ್ಯಾನಿಕ್ ಬಟ್ಟಲು ಕೆಳಗಿಟ್ಟ. "ಸುಳ್ಳು ಹೇಳಬೇಡ ಕಣೇ. ನಾನೇ ತೆಗೆದಿದ್ದು ಸಾರ್. ಕೈ ಸುಟ್ಟ ದಿನ ಸಂಜೆ ವಾಪಸ್ ಹಾಕಿದ್ದೂ ನಾನೇ."

"ಅಪಾಯ ಅಂತ ಗೊತ್ತಿತ್ತಾ?"

"ಎಚ್ಚರಿಕೆ ಫಲಕ ಹೊಡೆದಿದ್ದೇ ನಾನು."

"ಮತ್ಯಾಕೆ?"

"ಮರೆ ಇದ್ರೆ ಹಾಳೆ ತೂರಿಸೋಕೆ ತಡ. ಇವಳು ಹಿಂದೆ ಬೀಳ್ತಿದ್ಳು. ಹೀಗಾದ್ರೆ ರಾತ್ರಿ ಪಾಳಿಗೆ ಹಾಕ್ತೀನಿ ಅಂದ ಮೇಸ್ತ್ರಿ. ಮದುವೆ ಆದಾಗಿಂದ ನಮ್ಮದು ಹೊಸ್ತಿಲ ಮೇಲಿನ ಸಂಸಾರ ಸಾರ್. ಇವಳು ಬರೋ ಹೊತ್ತಿಗೆ ನಾನು ಹೊರಡೋದು. ಈಗಷ್ಟೇ ಒಂದೇ ಪಾಳಿ ಸಿಕ್ಕಿತ್ತು." ಹೆಂಡತಿಯ ಹೊದಿಕೆ ಸರಿಪಡಿಸಿದ. "ಕೈ ಬೆಚ್ಚಗಾಗುತ್ತೆ, ಚಳಿಗೆ ಹಿತವಾಗಿದೆ ಅಂತಿದ್ಳು. ಅವತ್ತೇ ಮರೆ ಹಾಕಬೇಕಿತ್ತು. ಇನ್ನೊಂದು ವಾರ ನೋಡೋಣ ಅಂದ್ಕೊಂಡೆ."

"ಅಣ್ಣ, ದೂರು ವಾಪಸ್ ತಗೊಳ್ಳೋ," ಎಂದಳು ಅವಳು.

ಟೈಲರ್ ಇನ್‌ಸ್ಪೆಕ್ಟರ್ ಮುಖ ನೋಡಿದ. ಅವರು ತಲೆಯಾಡಿಸಿದರು. "ಇನ್ನು ಆಗಲ್ಲಪ್ಪ."

ಮೇಸ್ತ್ರಿಯನ್ನೂ ಮಾಲೀಕನನ್ನೂ ವಿಚಾರಣೆಗೆ ಬರಹೇಳಿ, ಸಂಜೆ ಆಸ್ಪತ್ರೆಯಲ್ಲೇ ಮೆಕ್ಯಾನಿಕ್‌ನನ್ನು ಬಂಧಿಸಲಾಯಿತು. ಬಂಧನದ ಕಾಗದಕ್ಕೆ ಮನೆಯವರ ಸಹಿ ಬೇಕಿತ್ತು. ಟೈಲರ್ ಕೈ ಚಾಚಿದ. "ನಾನೇ ಹಾಕ್ತೀನಿ," ಎಂದಳು ತಂಗಿ. ಬಲಗೈ ತುಂಬ ಬ್ಯಾಂಡೇಜು. ಕಾನ್‌ಸ್ಟೆಬಲ್ ಅವಳ ಎಡಗೈ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿದಳು. ಗಂಡ ತನ್ನ ಅಂಗಿಯ ತುದಿಯಿಂದ ಆ ಮಸಿಯನ್ನು ಒರೆಸಿ ಜೀಪು ಹತ್ತಿದ.

ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶದ ಮುಂದೆ ಇನ್‌ಸ್ಪೆಕ್ಟರ್ ಬರೆದರು: ಹೆಂಡತಿಯ ಜೊತೆ ಒಂದೇ ಹೊತ್ತಿಗೆ ಮನೆಗೆ ಹೋಗುವ ಆಸೆ.